ಐಸಜ್ಜನ ಮಾತು

ಊರಿನವರು ಅವರನ್ನು ಮೊದಲು ಕರೆಯುತ್ತಿದ್ದದ್ದು ಐಸ್ ಮೇಸ್ತ್ರಿ ಎಂದು. ತಲೆ ಬೆಳ್ಳಗಾದ ಮೇಲೆ ಐಸಜ್ಜ ಆದರು. ಪಾಸ್‌ಪೋರ್ಟಿನಲ್ಲಿದ್ದ ಅವರ ಪೂರ್ತಿ ಹೆಸರು ಗೊತ್ತಿದ್ದವನು ಊರಲ್ಲಿ ನಾನೊಬ್ಬನೇ, ಅದೂ ಅಂಚೆ ಕಚೇರಿಯವನಾದ್ದರಿಂದ. ಆ ಹೆಸರನ್ನು ನೆಟ್ಟಗೆ ಉಚ್ಚರಿಸಲು ಇಪ್ಪತ್ತಾರು ವರ್ಷವಾದರೂ ನನಗೆ ಬರಲಿಲ್ಲ. ಒಮ್ಮೆ ಹಟ ಹಿಡಿದು ಪ್ರಯತ್ನಪಟ್ಟಾಗ ಅವರೇ ಕೈ ಅಡ್ಡ ಹಿಡಿದು, "ಬಿಡಿ ಪೋಸ್ಟ್ ಮಾಸ್ಟ್ರೇ, ನಾಲಿಗೆ ಮುರ್ಕೊಂಡೀರಿ" ಅಂದಿದ್ದರು.

ನಮ್ಮದು ಮೀನುಗಾರರ ಊರು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಪಕ್ಕದಲ್ಲಿ ಐಸ್ ಫ್ಯಾಕ್ಟರಿ ಕಟ್ಟಿದಾಗ, ಯಂತ್ರ ಜೋಡಿಸುವುದಕ್ಕೆಂದು ಪರದೇಶದಿಂದ ಮೂವರು ಬಂದಿದ್ದರು. ಇಬ್ಬರು ಮೈತುಂಬ ಬೆವರುಸಾಲೆ ಎಬ್ಬಿಸಿಕೊಂಡು ಆರು ತಿಂಗಳಿಗೆ ಗಂಟುಮೂಟೆ ಕಟ್ಟಿದರು. ಇವರು ಇನ್ನೊಂದು ವರ್ಷ, ಇನ್ನೊಂದೇ ವರ್ಷ ಎನ್ನುತ್ತ ಉಳಿದುಬಿಟ್ಟರು. ಆಗ ಅವರಿಗೆ ನಲವತ್ತೇಳು. ಕಂಪ್ರೆಸರಿನ ಸದ್ದು ಕೇಳಿಯೇ ಎಲ್ಲಿ ಏನು ಸವೆದಿದೆ ಎಂದು ಹೇಳಬಲ್ಲವರಾಗಿದ್ದರು. ಉಪ್ಪುನೀರಿನ ತೊಟ್ಟಿಯಲ್ಲಿ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಿಗಳ ಮೇಲೆ ಬಗ್ಗಿ, ನೀರು ಒಳಗಿನವರೆಗೆ ಗಟ್ಟಿಯಾಗಿದೆಯೇ ಇಲ್ಲವೇ ಎಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಕೆಲಸದವರು ಅದನ್ನು ನೋಡಿ, ಮೇಸ್ತ್ರಿ ಬಾಗಿಲು ಬಡೀತಿದ್ದಾರೆ, ಒಳಗೆ ಯಾರಿದ್ದಾರೋ ಎಂದು ನಗುತ್ತಿದ್ದರು.

ಊರಿನ ಮಾತನ್ನು ಅವರು ಕಲಿತದ್ದು ದಕ್ಕೆಯಲ್ಲಿ, ಬೈಗುಳದಿಂದ ಶುರುಮಾಡಿ. ಆಮೇಲೆ ಚೆನ್ನಾಗಿಯೇ ಮಾತಾಡಿದರು, ಆದರೆ ಕೆಲವು ಅಕ್ಷರಗಳು ಕೊನೆಯವರೆಗೂ ಅವರ ಮಾತು ಕೇಳಲಿಲ್ಲ. ಅಂಗಡಿಗೆ ಹೋಗಿ ಅರ್ಧ ಲೀಟರ್ 'ಹಾಳು' ಕೊಡಿ ಎನ್ನುತ್ತಿದ್ದರು. ಸಂಜೆ ಒಂದು ಸುತ್ತು ಸುತ್ತಿ ಬರುತ್ತೇನೆ ಎನ್ನುವುದು ಅವರ ಬಾಯಲ್ಲಿ "ಸ್ವಲ್ಪ ಸತ್ತು ಬರ್ತೀನಿ ಅಕ್ಕಾ" ಎಂದಾಗುತ್ತಿತ್ತು. ಟೈಲರಕ್ಕ ಹೊಲಿಗೆಯಿಂದ ತಲೆ ಎತ್ತದೆ, "ಹೂಂ, ಬೇಗ ಬನ್ನಿ" ಎನ್ನುತ್ತಿದ್ದಳು.

ಟೈಲರಕ್ಕ ಎಂದರೆ ಅವರು ಬಾಡಿಗೆಗಿದ್ದ ಮನೆಯ ಒಡತಿ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಹಿಂದಿನ ಕೋಣೆಯನ್ನು ಇವರಿಗೆ ಕೊಟ್ಟಿದ್ದಳು. ಅವರಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ಆದರೂ ಊರೆಲ್ಲ ಅಕ್ಕ ಎನ್ನುವಾಗ ಅವರೂ ಅಕ್ಕ ಎಂದರು. ಅವರ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಸ್ಕ್ರೂಡ್ರೈವರ್ ಇಟ್ಟುಕೊಳ್ಳಲು ಪ್ರತಿ ಅಂಗಿಗೂ ಒಂದು ಉದ್ದನೆಯ ಜೇಬು. ಇಬ್ಬರ ನಡುವೆ ಏನಾದರೂ ಇದೆಯೇ ಎಂದು ಊರು ಒಂದೆರಡು ವರ್ಷ ಕಣ್ಣಿಟ್ಟು ನೋಡಿತು. ಏನೂ ಸಿಗದೆ ಬೇಸತ್ತು ಬೇರೆ ಕಡೆ ತಿರುಗಿತು.

ಫ್ಯಾಕ್ಟರಿ ಮುಚ್ಚಿ ಐದು ವರ್ಷವಾಯಿತು. ಹೊಸ ಬಂದರಿಗೆ ದೋಣಿಗಳು ಹೋದವು, ಐಸೂ ಅಲ್ಲೇ ಸಿಗತೊಡಗಿತು. ಇನ್ನು ಇವರು ಹೊರಡುತ್ತಾರೆ ಎಂದುಕೊಂಡೆವು. ಹೊರಡಲಿಲ್ಲ. ಸೈಕಲ್ ಮೇಲೆ ಮನೆಮನೆಗೆ ಹೋಗಿ ಫ್ರಿಜ್ ರಿಪೇರಿ ಮಾಡಿಕೊಟ್ಟು, ಚಹಾ ಕುಡಿದು ಬರುತ್ತಿದ್ದರು. ಊರಿಗೆ ಯಾಕೆ ಹೋಗೋದಿಲ್ಲ ಎಂದು ಒಮ್ಮೆ ಕೇಳಿದೆ. ಅಲ್ಲಿ ವರ್ಷದಲ್ಲಿ ಆರು ತಿಂಗಳು ಹಿಮ ಬೀಳುತ್ತದಂತೆ.

"ಚಳಿ ಮಾಡೋದು ನನ್ನ ಕೆಲಸ ಮಾಸ್ಟ್ರೇ. ಚಳಿಯಲ್ಲಿ ಇರೋದು ನನ್ನ ಕೆಲಸ ಅಲ್ಲ" ಅಂದರು.

ನಾನು ನಕ್ಕೆ. ಅದನ್ನು ಒಂದು ಕಾಗದದ ಮೇಲೆ ಬರೆದು ಸಹಿ ಮಾಡಿಕೊಡಿ ಎಂದು ಕೇಳಬೇಕು ಅಂತ ಆಗ ಯಾರಿಗೆ ಹೊಳೆಯುತ್ತದೆ?

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಎಂಟು ಗಂಟೆಯಾದರೂ ಹಿಂದಿನ ಕೋಣೆಯ ರೇಡಿಯೋ ಸದ್ದು ಕೇಳಲಿಲ್ಲ. ಟೈಲರಕ್ಕ ಹೋಗಿ ನೋಡಿದರೆ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಾರೆ. ಇನ್ನೊಂದು ಚಪ್ಪಲಿಯನ್ನೇ ನೋಡುತ್ತಿದ್ದಾರೆ. ಬಾಯಿ ಒಂದು ಕಡೆಗೆ ಎಳೆದಿದೆ. ಪಟ್ಟಣದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಪಾರ್ಶ್ವವಾಯು, ಬಲಗೈ ಬಲಗಾಲು ಹೋಗಿದೆ, ಮಾತು ಬಂದರೆ ನಿಧಾನಕ್ಕೆ ಬರಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು.

ಮಾತು ಮೂರನೇ ವಾರಕ್ಕೇ ಬಂತು. ಬಂದದ್ದು ನಮ್ಮ ಮಾತಲ್ಲ.

ಅದು ಇಂಗ್ಲಿಷೂ ಅಲ್ಲ. ಇಂಗ್ಲಿಷಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಅವರು ಹುಟ್ಟಿದ ಪುಟ್ಟ ದೇಶದ, ಅವರ ತಾಯಿಯ ಮಾತು. ಇಪ್ಪತ್ತಾರು ವರ್ಷದಲ್ಲಿ ನಾವ್ಯಾರೂ ಅದನ್ನು ಅವರ ಬಾಯಲ್ಲಿ ಕೇಳಿರಲೇ ಇಲ್ಲ. ಊರಿನ ಮಾತು ಒರೆಸಿದ ಹಾಗೆ ಹೋಗಿಬಿಟ್ಟಿತ್ತು. ತಾವು ಆಡುತ್ತಿರುವುದು ನಮ್ಮ ಮಾತೇ ಎಂದು ಅವರು ತಿಳಿದಿದ್ದರು. ನಮಗೆ ಅರ್ಥವಾಗದಿದ್ದಾಗ ಅಚ್ಚರಿಯಿಂದ ಮುಖ ನೋಡುತ್ತಿದ್ದರು. ಮತ್ತೆ ಅದನ್ನೇ ನಿಧಾನವಾಗಿ, ಬಿಡಿಸಿ ಬಿಡಿಸಿ, ಕಿವುಡರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಕೊನೆಗೆ ಎಡಗೈಯಿಂದ ಮಂಚವನ್ನು ಗುದ್ದಿ ಗೋಡೆಯ ಕಡೆ ತಿರುಗುತ್ತಿದ್ದರು.

ಟೈಲರಕ್ಕ ಸುಮ್ಮನೆ ಕೂರುವ ಹೆಂಗಸಲ್ಲ. ಅವರು ಏನಾದರೂ ಹೇಳಿದ ತಕ್ಷಣ ಕೋಣೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು. ನೀರಾ? ಟವೆಲಾ? ರೇಡಿಯೋನಾ? ಕಿಟಕಿ ತೆಗೀಲಾ? ಅಳತೆ ಬರೆದುಕೊಳ್ಳುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರ ಪದಗಳನ್ನು ನಮ್ಮ ಅಕ್ಷರದಲ್ಲಿ ಗೀಚಿ, ಎದುರಿಗೆ ತನ್ನ ಊಹೆ ಬರೆದಿಡುತ್ತಿದ್ದಳು. ಒಂದು ತಿಂಗಳಿಗೆ ಇಪ್ಪತ್ತೆರಡು ಪದಗಳಾದವು. ಅವರ ತಂಗಿಯ ಮಗಳು ಆ ದೇಶದಿಂದ ವಾರಕ್ಕೊಮ್ಮೆ ನನ್ನ ಫೋನಿಗೆ ಮಾಡುತ್ತಿದ್ದಳು, ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಆ ಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ. ಒಂಬತ್ತು ಸರಿಯಿದ್ದವು. ದಿಂಬು ಎಂದು ಟೈಲರಕ್ಕ ಬರೆದುಕೊಂಡಿದ್ದ ಪದ ದಿಂಬಲ್ಲವಂತೆ. ಅದು ತೀರಿಹೋದ ಅವರ ತಂಗಿಯ, ಎಂದರೆ ಫೋನು ಮಾಡಿದವಳ ತಾಯಿಯ, ಹೆಸರು. ಅವರು ಆ ಹೆಸರು ಕೂಗಿದಾಗಲೆಲ್ಲ ಇವಳು ತಲೆಯ ಕೆಳಗೆ ದಿಂಬು ಸರಿಮಾಡುತ್ತ ಬಂದಿದ್ದಳು.

"ಅಯ್ಯೋ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಸಾಲನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಹೆಸರು ಎಂದು ಬರೆದಳು.

ಇನ್ನೊಂದು ಸಂಗತಿಯನ್ನು ಅವಳು ಬೇಗ ಕಂಡುಕೊಂಡಳು. ಏನು ಕೇಳಿದರೂ ಅವರು ಒಂದೇ ಥರದ "ಯೋ" ಎಂಬ ಸದ್ದು ಮಾಡಿ ತಲೆ ಆಡಿಸುತ್ತಿದ್ದರು. ಹೌದು ಎನ್ನುವ ಹಾಗೆ. ಊಟ ಬೇಕಾ ಎಂದರೆ ಯೋ, ಬೇಡವಾ ಎಂದರೂ ಯೋ. ಒಂದು ದಿನ ನನ್ನೆದುರಿಗೇ ಪರೀಕ್ಷೆ ಮಾಡಿ ತೋರಿಸಿದಳು. "ಅಜ್ಜಾ, ಮಾಸ್ಟ್ರು ಹೆಂಗಸಾ?" ಎಂದು ಕೇಳಿದಳು. ಯೋ ಅಂದರು. ಮೂವರೂ ನಕ್ಕೆವು. ಅವರು ನಕ್ಕದ್ದು ನಾವು ನಕ್ಕೆವು ಎಂದು.

ಅಷ್ಟರಲ್ಲಿ ಅವರ ವಾಸದ ಪರವಾನಗಿ ಮುಗಿಯುತ್ತ ಬಂತು. ವರ್ಷಕ್ಕೊಮ್ಮೆ ಅವರೇ ಪಟ್ಟಣದ ಕಚೇರಿಗೆ ಹೋಗಿ ಹೊಸದು ಮಾಡಿಸಿಕೊಂಡು ಬರುತ್ತಿದ್ದರು. ಈ ಸಲ ನಾನು ಕಾಗದಗಳನ್ನೆಲ್ಲ ಜೋಡಿಸಿಕೊಂಡು ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯವನೇ, ಕೂರಿಸಿ ಮಾತಾಡಿಸಿದ. ಆದರೆ ಅರ್ಜಿದಾರರು ಎದುರಿಗೆ ನಿಂತು, ಇಲ್ಲೇ ಇರುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಸಹಿ ಹಾಕಬೇಕಂತೆ. ಬಾಯಿ ಬರದಿದ್ದರೆ ರಕ್ತಸಂಬಂಧಿ ಹೇಳಬೇಕು. ಬಾಡಿಗೆ ಮನೆಯ ಒಡತಿ ರಕ್ತಸಂಬಂಧಿಯಲ್ಲ, ಪೋಸ್ಟ್ ಮಾಸ್ಟರ್ ಅಂತೂ ಅಲ್ಲವೇ ಅಲ್ಲ. ಮೂರು ಸಲ ಹೋದೆ. ಮೂರನೆಯ ಸಲ ಅವನು ನನ್ನ ಮುಖ ನೋಡಲಾರದೆ ಫೈಲಿನ ದಾರವನ್ನು ಬಿಚ್ಚಿ ಕಟ್ಟಿ ಮಾಡುತ್ತ ಕೂತ.

ತಂಗಿಯ ಮಗಳಿಗೆ ಎಲ್ಲವನ್ನೂ ತಿಳಿಸಿದೆ. ಅವಳೇನೂ ಕೆಟ್ಟವಳಲ್ಲ. ಚಿಕ್ಕವಳಿದ್ದಾಗ ಸೋದರಮಾವ ಪರದೇಶದಿಂದ ಕಳಿಸುತ್ತಿದ್ದ ಚಿತ್ರದ ಕಾರ್ಡುಗಳನ್ನು ಇನ್ನೂ ಜೋಪಾನ ಮಾಡಿಟ್ಟಿದ್ದಾಳಂತೆ. ತನ್ನ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಿದೆ, ಅಲ್ಲಿ ಜಾಗ ಸಿಗುತ್ತದೆ, ಅವರ ಮಾತು ಬಲ್ಲ ದಾದಿಯರಿದ್ದಾರೆ ಎಂದಳು. ಚಳಿಯ ಬಗ್ಗೆ ಅವರು ಆಡಿದ್ದ ಮಾತನ್ನು ಹೇಳಿದೆ. ಅವಳು ಸ್ವಲ್ಪ ನಕ್ಕಳು. ಅದು ತಮಾಷೆಯಲ್ಲವೇ ಎಂದು ಕೇಳಿದಳು. ತಮಾಷೆಯೇ ಎಂದು ಒಪ್ಪಿಕೊಳ್ಳಬೇಕಾಯಿತು. ಕಡೆಗೆ, ಅವರನ್ನೇ ಕೇಳುತ್ತೇನೆ, ಅವರು ಹೇಳಿದ ಹಾಗೆ ಆಗಲಿ ಎಂದಳು.

ಒಂದು ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ನಾವು ಮೂವರೂ ಫೋನಿನ ಮುಂದೆ ಕೂತೆವು. ಪರದೆಯ ಮೇಲೆ ಅವಳ ಮುಖ ಬಂದಾಗ ಐಸಜ್ಜನ ಕಣ್ಣು ಅಗಲವಾಯಿತು. ಅವಳು ಅವರ ಮಾತಿನಲ್ಲಿ ಏನೋ ಕೇಳಿದಳು. ಅವರು ಯೋ ಅಂದರು. ಆಮೇಲೆ ಬಹಳ ಹೊತ್ತು ಏನೇನೋ ಹೇಳಿದರು. ಅವಳು ಕಣ್ಣೊರೆಸಿಕೊಂಡು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಬರುತ್ತೀರಾ ಎಂದು ಕೇಳಿದೆ, ಹೌದು ಅಂದರು. ಉಳಿದ ಮಾತು ಚೆದುರಿದ ಹಾಗಿದೆ, ಮಳೆ, ಹಲಗೆ, ಯಾರದೋ ಎಮ್ಮೆ ಎಂದೆಲ್ಲ ಬರುತ್ತಿದೆ, ಆದರೆ ಹೌದು ಅಂದದ್ದು ಸ್ಪಷ್ಟ.

ನಾನು ಅದನ್ನು ಟೈಲರಕ್ಕನಿಗೆ ಹೇಳಿದೆ.

"ಮಾಸ್ಟ್ರೇ, ಇನ್ನೊಂದು ಕೇಳೋಕೆ ಹೇಳಿ. ಇಲ್ಲೇ ಇರ್ತೀರಾ ಅಂತ ಕೇಳಲಿ."

ನಾನು ಹೇಳಿದೆ. ತಂಗಿಯ ಮಗಳು ಕೇಳಿದಳು. ಐಸಜ್ಜ ಅಷ್ಟೇ ಪ್ರೀತಿಯಿಂದ, ಅಷ್ಟೇ ಗಟ್ಟಿಯಾಗಿ ಯೋ ಅಂದು ತಲೆ ಆಡಿಸಿದರು.

ಅವರು ಒಮ್ಮೆ ನಮ್ಮನ್ನು, ಒಮ್ಮೆ ಫೋನನ್ನು ನೋಡುತ್ತಿದ್ದರು, ಪರೀಕ್ಷೆಯಲ್ಲಿ ಸರಿ ಉತ್ತರ ಕೊಟ್ಟೆನೋ ಇಲ್ಲವೋ ಎಂದು ಕಾಯುವವರ ಹಾಗೆ. ಆ ಹೆಣ್ಣುಮಗಳು ಸಣ್ಣ ದನಿಯಲ್ಲಿ, ಹಾಗಾದರೆ ನಿರ್ಧಾರ ನನ್ನದೇ ಆಯಿತು, ಇಲ್ಲಿಗೇ ಕರೆಸಿಕೊಳ್ಳುತ್ತೇನೆ ಎಂದಳು. ಪರವಾನಗಿ ಮುಗಿಯಲು ಐದು ವಾರವಿತ್ತು. ಬೇರೆ ದಾರಿ ತೋರಿಸೋಣವೆಂದರೆ ನನಗೂ ಒಂದೂ ಕಾಣಲಿಲ್ಲ.

ಟೈಲರಕ್ಕ ನನ್ನ ಮೇಲೆ ಮುನಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಮುನಿಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಅವಳು ಅಳತೆಯ ಟೇಪು ತಂದು ಅವರ ಎದೆ, ತೋಳು ಅಳೆದಳು. ಮೈ ಇಳಿದುಹೋಗಿತ್ತು. ನಮ್ಮ ಊರಿನ ಅಂಗಡಿಯಲ್ಲಿ ಉಣ್ಣೆ ಬಟ್ಟೆ ಎಲ್ಲಿ ಸಿಗಬೇಕು? ಇದ್ದ ದಪ್ಪ ಬಟ್ಟೆಗೆ ಒಳಗಡೆ ಹಳೆಯ ಕಂಬಳಿ ಕತ್ತರಿಸಿ ಹಚ್ಚಿ ಎರಡು ಅಂಗಿ ಹೊಲಿದಳು. ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರಲಿ ಎಂದು ಗುಂಡಿಯ ಬದಲು ಒತ್ತಿದರೆ ಅಂಟುವ ಪಟ್ಟಿ ಇಟ್ಟಳು. ಹಾಕಿ ನೋಡಿದ ದಿನ ಸುಡುಬಿಸಿಲು. ಐಸಜ್ಜ ನೀರು ನೀರಾಗಿ ಬೆವೆತರು. ಅವಳು ಬೀಸಣಿಗೆಯಲ್ಲಿ ಗಾಳಿ ಹಾಕುತ್ತ, ಸರಿಯಾಗಿ ಕೂತಿದೆ ಎಂದಳು.

ಕರೆದೊಯ್ಯಲು ಪಟ್ಟಣದಿಂದ ಒಬ್ಬ ದಾದಿ ಕಾರಿನಲ್ಲಿ ಬಂದಳು. ಬೆಳಿಗ್ಗೆ ಏಳು ಗಂಟೆ. ಅಷ್ಟು ಹೊತ್ತಿಗೇ ಬೀದಿಯವರೆಲ್ಲ ಬಂದು ನಿಂತಿದ್ದರು. ಎಲ್ಲಿಗೆ ಹೋಗುತ್ತಿದ್ದೇನೆಂದು ಐಸಜ್ಜನಿಗೆ ತಿಳಿದಿತ್ತೋ ಇಲ್ಲವೋ, ಎಲ್ಲರಿಗೂ ಎಡಗೈ ಎತ್ತಿದರು. ಹಾಲಿನ ಅಂಗಡಿಯವನು ಅವರ ಮೊಣಕಾಲನ್ನು ಮುಟ್ಟಿ ಹಿಂದೆ ಸರಿದ. ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿ ಟೈಲರಕ್ಕ ಈಚೆ ಬರಬೇಕು, ಅಷ್ಟರಲ್ಲಿ ಅವರು ಅವಳ ಮುಂಗೈ ಹಿಡಿದುಕೊಂಡರು. ಹಿಡಿದು ಮಾತಾಡಿದರು. ಹಿಂದಿನ ಹಾಗೆ ಚೆದುರಿದ ಮಾತಲ್ಲ, ಸಿಟ್ಟೂ ಇರಲಿಲ್ಲ. ಒಂದು ಸಾಲು, ಮತ್ತೆ ಅದೇ ಸಾಲು, ಮೂರನೆಯ ಸಲವೂ ಅದೇ. ಅವಳ ಕಣ್ಣಲ್ಲಿ ಕಣ್ಣಿಟ್ಟು.

ನಾನು ತಡವರಿಸಿಕೊಂಡು ಫೋನು ತೆಗೆದು ಆ ದೇಶಕ್ಕೆ ಮಾಡಿದೆ. ಅಲ್ಲಿ ಆಗ ಎಲ್ಲರೂ ಮಲಗಿರುವ ಹೊತ್ತು; ಎತ್ತಲಿಲ್ಲ. ಆ ಮಾತನ್ನು ಅದೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತು ಎಂದು ನನಗೆ ಹೊಳೆದದ್ದು ಕಾರು ತಿರುವು ದಾಟಿದ ಮೇಲೆ. ಈ ತಲೆಯನ್ನು ಏನೆಂದು ಬೈಯಲಿ?

"ಹೂಂ ಅಜ್ಜಾ, ಆಯ್ತು, ಹಾಗೇ ಮಾಡ್ತೀನಿ" ಎಂದು ಟೈಲರಕ್ಕ ಅವರಿಗೆ ಉತ್ತರ ಕೊಟ್ಟಳು. ದಾದಿ ಮೆಲ್ಲನೆ ಬೆರಳು ಬಿಡಿಸಿದಳು.

ಅವರು ಅಲ್ಲಿ ಕ್ಷೇಮವಾಗಿ ತಲುಪಿದರು. ಜಾಗ ಚೊಕ್ಕಟವಾಗಿದೆ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ ಎಂದು ತಂಗಿಯ ಮಗಳು ಬರೆದಳು. ಒಂದು ಫೋಟೋ ಕಳಿಸಿದಳು: ದೊಡ್ಡ ಕಿಟಕಿ, ಆಚೆ ಎಲ್ಲ ಬೆಳ್ಳಗೆ, ಈಚೆ ಗಾಲಿಕುರ್ಚಿಯಲ್ಲಿ ಅವರು. ಎರಡನೇ ತಿಂಗಳಲ್ಲಿ ಇನ್ನೊಮ್ಮೆ ಲಕ್ವ ಹೊಡೆಯಿತು. ಆಮೇಲೆ ಮಾತು ಯಾವುದೂ ಉಳಿಯಲಿಲ್ಲ, ಅವರದೂ ನಮ್ಮದೂ. ಈಗಲೂ ಇದ್ದಾರೆ. ಕೂರಿಸಿದಲ್ಲಿ ಕೂರುತ್ತಾರೆ, ಮಲಗಿಸಿದಲ್ಲಿ ಮಲಗುತ್ತಾರೆ.

ಈ ಸುದ್ದಿ ಹೇಳಲು ಹೋದ ದಿನ ಟೈಲರಕ್ಕ ಹೊಲಿಗೆ ನಿಲ್ಲಿಸಿ, ಯಂತ್ರದ ಡ್ರಾಯರಿನಿಂದ ಒಂದು ಚೀಟಿ ತೆಗೆದಳು. ಕಾರಿನ ಹತ್ತಿರ ಅವರು ಮೂರು ಸಲ ಹೇಳಿದ್ದನ್ನು ಒಳಗೆ ಬಂದ ತಕ್ಷಣ, ಕಿವಿಯಲ್ಲಿ ಉಳಿದಷ್ಟನ್ನು, ನಮ್ಮ ಅಕ್ಷರದಲ್ಲಿ ಬರೆದಿಟ್ಟಿದ್ದಳಂತೆ. ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದರೆ, ಅವರೇ ಒಂದು ದಿನ ಸುಧಾರಿಸಿಕೊಂಡು ಫೋನಿನಲ್ಲಿ ಹೇಳುತ್ತಾರೆ ಎಂದುಕೊಂಡಿದ್ದಳು.

ಅಲ್ಲೇ ಕೂತು ಫೋನು ಹಚ್ಚಿದೆ. ಚೀಟಿಯಲ್ಲಿದ್ದದ್ದನ್ನು ಒಂದೊಂದೇ ಅಕ್ಷರವಾಗಿ ಓದಿದೆ. ಆ ಹೆಣ್ಣುಮಗಳು ಮತ್ತೊಮ್ಮೆ ಓದಿ ಎಂದಳು. ವೇಗವಾಗಿ ಓದಿ ನೋಡಿ ಎಂದಳು. ಟೈಲರಕ್ಕ ಫೋನು ತೆಗೆದುಕೊಂಡು ಅವರ ಧಾಟಿಯಲ್ಲಿಯೇ ಒಮ್ಮೆ ಹೇಳಿದಳು. ಕೊನೆಗೆ, ಕ್ಷಮಿಸಿ, ಬಾಗಿಲು ಎನ್ನುವ ಹಾಗೆ ಒಂದು ಪದ ಕೇಳಿಸಿತು, ಉಳಿದದ್ದು ಗೊತ್ತಾಗುತ್ತಿಲ್ಲ ಎಂದಳು.

ನಾನು ಅಷ್ಟನ್ನು ಹೇಳಿದೆ.

"ಬಾಗಿಲು ಅಂದ್ರೆ? ತೆಗೆದಿಡು ಅಂತಾನಾ, ಹಾಕ್ಕೋ ಅಂತಾನಾ?"

ಕೇಳಿ ನೋಡಿದೆ. ಗೊತ್ತಿಲ್ಲವಂತೆ ಎಂದೆ.