ಸೋಮವಾರದ ರಕ್ತ

ಮೊನ್ನೆ ಹಿರಿಯೂರಿನ ಕ್ಲಿನಿಕ್‌ನಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವ ಮುನ್ನ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆಗೆ ನಮ್ಮ ಮೇಡಂ ನೆನಪಾದರು...

ನಾನಾಗ ಕುರಿ ಸಂಶೋಧನೆಯ ಕಚೇರಿಯೊಂದರಲ್ಲಿ ಅಟೆಂಡರ್. ಅವರು ದುರ್ಗದ ಪೇಟೆಯ ಮುಸ್ಲಿಂ ಮನೆತನದವರು, ನಮ್ಮ ಕಚೇರಿಯಲ್ಲೇ ಡಾಕ್ಟರೇಟಿಗೆ ಓದುತ್ತಿದ್ದರು. ನಮ್ಮ ನಾಟಿ ಕುರಿ ಬಿಸಿಲು ತಡೆಯುತ್ತದೆ, ಹೊರಗಿನ ತಳಿ ತಡೆಯುವುದಿಲ್ಲ. ಇದಕ್ಕೆ ಯಾವ ಜೀನ್‌ಗಳು ಕಾರಣ ಎಂಬುದು ಅವರ ಹುಡುಕಾಟ. ರಕ್ತದಿಂದ ತೆಗೆದದ್ದನ್ನು ಗಾಜಿನ ಸ್ಲೈಡಿಗೆ ಹಾಕಿದರೆ, ಕೆಲಸ ಮಾಡುತ್ತಿರುವ ಜೀನ್‌ಗಳ ಚುಕ್ಕಿಗಳು ಹೊಳೆಯುತ್ತಿದ್ದವು. ಆದರೆ ಒಂದು ಸ್ಲೈಡ್ ಸುಮ್ಮಸುಮ್ಮನೆ ಹೆಚ್ಚು ಹೊಳೆಯುತ್ತದೆ, ಇನ್ನೊಂದು ಮಂಕು. ಲೆಕ್ಕ ಹಾಕಿ ಆ ಬೆಳಕನ್ನು ಸಮ ಮಾಡಿಕೊಂಡೇ ಹೋಲಿಸಬೇಕು.

"ದಿನಾ ಎರಡೂ ತಳಿ ಕುರಿ ಬೆರೆಸಿ ರಕ್ತ ತೆಗ್ಸ್ರಿ ಅಣ್ಣಾ, ಒಂದಿನ ಒಂದೇ ತಳೀದು ಬ್ಯಾಡ," ಎಂದು ಹೇಳಿ ನನ್ನನ್ನು ಯಲ್ಲದಕೆರೆಯ ಕುರಿಹಟ್ಟಿಗೆ ಕಳಿಸಿದರು. ಅವತ್ತು ಸೋಮವಾರ, ದೇವರ ವಾರ. ನಮ್ಮ ಕಡೆ ಅಂದು ನಾಟಿ ಕುರಿಯ ಮೈಗೆ ಸೂಜಿ ತಾಗಿಸುವುದಿಲ್ಲ. ನಾನೂ ಕುರಿ ಸಾಕುವ ಮನೆಯವನೇ. ಹೊರಗಿನ ತಳಿಯದನ್ನು ಅವತ್ತು, ನಾಟಿಯದನ್ನು ಮಾರನೇ ದಿನ ತೆಗೆಸಿದೆ. ಸೋಮವಾರ ಸುಡುಬಿಸಿಲು, ಮಂಗಳವಾರ ಮೋಡ. ಎರಡೂ ದಿನ ಬೆರೆಸಿಯೇ ತೆಗೆಸಿದೆ ಎಂದು ಮೇಡಂಗೆ ಹೇಳಿದೆ.

ಸ್ಲೈಡ್‌ಗಳಲ್ಲಿ ಎರಡು ತಳಿಗಳೂ ಪೂರಾ ಬೇರೆಯಾಗಿ ಕಂಡವು. ಮೇಡಂಗೆ ಗೈಡ್ ಆಗಿದ್ದ ನಮ್ಮ ಕಚೇರಿಯ ಸಾಹೇಬರು ಹಿಗ್ಗಿದರು. ಇಷ್ಟೊಂದು ಬೇರೆಯಾಗುವುದುಂಟೇ ಎಂದು ಮೇಡಂಗೆ ಮಾತ್ರ ಅನುಮಾನ. ನನ್ನನ್ನೂ ಕರೆದುಕೊಂಡು ಹೋಗಿ ಕುರಿ ಯಜಮಾನನನ್ನೇ ಕೇಳಿದರು.

"ಸೋಮಾರ ನಮ್ ಕುರಿಗೆ ಸೂಜಿ ಹಾಕುಸ್ತೀವೇನವ್ವಾ? ಇವ್ನಿಗೆ ಗೊತ್ತಿಲ್ವಾ, ಕೇಳ್ರಿ!" ಎಂದು ಅವನು ನಕ್ಕ.

ಮೇಡಂ ನೇರ ಬಂದು ಸಾಹೇಬರ ಮುಂದೆ ನಿಂತರು.

"ಲೆಕ್ಕದಾಗೆ ಸಮ ಮಾಡಮ್ಮ, ಯಾರ್ ಕೇಳ್ತಾರೆ? ಇನ್ನೊಂದ್ಸಲ ಸ್ಲೈಡ್ ತರ್ಸಕ್ಕಾಗಲ್ಲ," ಎಂದರು ಸಾಹೇಬರು.

"ಸ್ಲೈಡಿನ ಬೆಳಕು ಸಮ ಮಾಡ್ಬೋದು ಸಾರ್. ಇದು ತಳಿಯಿಂದಾನೋ ಬಿಸ್ಲಿಂದಾನೋ ಅಂತ ಯಾವ ಲೆಕ್ಕಾನೂ ಬಿಡಿಸಿ ಹೇಳಲ್ಲ. ನಾನಿದನ್ನ ಬರೆಯಲ್ಲ."

"ಹಂಗಾದ್ರೆ ಡಿಗ್ರಿನೂ ಇಲ್ಲ."

"ಬ್ಯಾಡ ಬಿಡ್ರಿ."

ಎಡವಟ್ಟು ಮಾಡಿದ್ದು ಯಾರು ಎಂದು ಸಾಹೇಬರು ಕೂಗಾಡಿದರೂ ಮೇಡಂ ನನ್ನ ಹೆಸರು ಹೇಳಲಿಲ್ಲ. ಬಾಗಿಲಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ... ನೌಕರಿಯ ಭಯ.

ಅವರು ದುರ್ಗದಲ್ಲೇ ಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾ ಉಳಿದರು. ಹೋದ ವರ್ಷ ತೀರಿಕೊಂಡರು. ಲೆಕ್ಕ ಬಾರದೆ ಓದು ಬಿಟ್ಟವಳು ಎಂದು ನನ್ನ ಜೊತೆ ನಿವೃತ್ತರಾದವರು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಬಾಯಿ ತೆರೆದರೆ, "ಈಗ್ಯಾಕಲೇ ಕೆದಕ್ತೀಯ?" ಎನ್ನುತ್ತಾರೆ.

ಕೆದಕುತ್ತೇನೆ. ಅವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು, ಕೆಡಿಸಿದವನು ನಾನು. ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಮೊದಲು ಯಾರ ಮುಂದೆ ಹೇಳಬೇಕಿತ್ತೋ, ಅವರು ಮಾತ್ರ ಇಲ್ಲ.