ನನ್ನ ಅಳತೆಯ ಅಂಗಿ

ಕಡಬದ ನನ್ನ ಬಾಡಿಗೆ ಮನೆಯಲ್ಲಿ ಕಬ್ಬಿಣದ ಕಪಾಟೊಂದಿತ್ತು. ಅದರ ಬಾಗಿಲು ತೆರೆದು, ಏನು ಹಾಕಿಕೊಳ್ಳಲಿ ಎಂದು ತಿಳಿಯದೆ ಎದುರಿಗೆ ನಿಂತು ಕಳೆದ ಬೆಳಗುಗಳಿಗೆ ಲೆಕ್ಕವಿಲ್ಲ. ಒಂದನ್ನು ಹಾಕುವುದು, ಕನ್ನಡಿ ನೋಡುವುದು, ಕಳಚಿ ಮಂಚದ ಮೇಲೆ ಎಸೆಯುವುದು, ಇನ್ನೊಂದನ್ನು ಎಳೆಯುವುದು. ಅಷ್ಟರಲ್ಲಿ ಯಾರದೋ ಮನೆಯಿಂದ ಫೋನು ಬರುತ್ತಿತ್ತು: "ಡಾಕ್ಟ್ರೇ, ಹೊರಟ್ರಾ? ದನ ಏಳುದೇ ಇಲ್ಲ."

ನಾನು ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕಿ. ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ಲಸಿಕೆ ಹಾಕುವುದು, ಬೆದೆಗೆ ಬಂದ ದನಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು, ಸಣ್ಣಪುಟ್ಟ ಕಾಯಿಲೆಗೆ ಮದ್ದು ಕೊಡುವುದು ನನ್ನ ಕೆಲಸ. ಇದನ್ನು ಎಷ್ಟು ಸಲ ವಿವರಿಸಿದರೂ ಊರವರಿಗೆ ನಾನು ಡಾಕ್ಟ್ರೇ. ಕೊನೆಗೆ ವಿವರಿಸುವುದನ್ನು ಬಿಟ್ಟೆ.

ಕೆಲಸ ಸಿಕ್ಕ ಹೊಸತರಲ್ಲಿ ಪುತ್ತೂರಿನ ಅಮ್ಮನ ಮನೆಗೆ ಹೋದಾಗಲೆಲ್ಲ ಒಂದೆರಡು ಚೂಡಿದಾರ ಕೊಂಡು ತರುತ್ತಿದ್ದೆ. ಅಮ್ಮನೂ ಜೊತೆಗೆ ಬರುತ್ತಿದ್ದರು. ಆರಿಸುವುದು ಅವರೇ. ಗುಲಾಬಿ, ತಿಳಿ ಹಳದಿ, ಕುತ್ತಿಗೆಗೆ ಕಸೂತಿ, ಅದಕ್ಕೆ ಹೊಂದುವ ಶಾಲು. "ಸರ್ಕಾರಿ ಕೆಲಸದವಳು ಸ್ವಲ್ಪ ಲಕ್ಷಣವಾಗಿ ಕಾಣ್ಬೇಕು" ಎನ್ನುತ್ತಿದ್ದರು. ಆ ಲಕ್ಷಣವೆಲ್ಲ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸೆಗಣಿಯಾಗುತ್ತಿತ್ತು. ಆದರೂ ನಾನು ಶಾಲಿಗೆ ಎರಡೂ ಹೆಗಲಲ್ಲಿ ಪಿನ್ನು ಚುಚ್ಚಿಕೊಂಡೇ ದನದ ಹಟ್ಟಿಗೆ ಇಳಿಯುತ್ತಿದ್ದೆ.

ಒಂದು ದಿನ ಕೋಡಿಂಬಾಳದ ಮನೆಯೊಂದರಲ್ಲಿ ದನದ ಕುತ್ತಿಗೆಗೆ ಇಂಜೆಕ್ಷನ್ ಕೊಡಲು ಬಗ್ಗಿದೆ. ಸೂಜಿ ತಾಗಿದ್ದೇ ದನ ತಲೆ ಕೊಡವಿತು. ಕೊಂಬಿನ ತುದಿ ಶಾಲಿಗೆ ಸಿಕ್ಕಿಕೊಂಡಿತು. ದನ ಹೆದರಿ ಹಿಂದಕ್ಕೆ ಎಳೆಯಿತು, ಶಾಲಿನ ಜೊತೆಗೆ ನಾನೂ ಹೋದೆ. ಪಿನ್ನು ಬಿಚ್ಚಿಕೊಳ್ಳಲಿಲ್ಲ. ಮುಖ ಕಂಬಕ್ಕೆ ಒತ್ತಿತು, ಉಸಿರು ಸಿಕ್ಕಿಕೊಂಡಿತು. ಆ ಮನೆಯ ಯಜಮಾನಿ, ಅರುವತ್ತು ದಾಟಿದ ಹೆಂಗಸು, ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಹುಲ್ಲು ಕೊಯ್ಯುವ ಕತ್ತಿ ತೆಗೆದು ನನ್ನ ಕಿವಿಯ ಹತ್ತಿರ ಶಾಲನ್ನು ಕೊಯ್ದು ಬಿಟ್ಟರು. ನಾನು ಹುಲ್ಲಿನ ಮೇಲೆ ಕೂತೆ.

ಒಂದು ಲೋಟ ನೀರು ತಂದುಕೊಟ್ಟು ಅವರು ಕೇಳಿದರು, "ದನದ ಹತ್ರ ಬರುವಾಗ ನಿಮಗೆ ಅದು ಎಂತಕ್ಕೆ?"

ಅವರು ಬೈದದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. "ಎಲ್ರೂ ಹಾಕ್ತಾರಲ್ಲ" ಎಂದೆ. ಅವರು ಕತ್ತರಿಸಿದ ತುಂಡನ್ನು ದನದ ಕೊಂಬಿನಿಂದ ಬಿಡಿಸುತ್ತಾ "ದನಕ್ಕೆ ಅದು ಗೊತ್ತಿಲ್ಲ" ಎಂದರು.

ಮರುದಿನದಿಂದ ಶಾಲು ಬಿಟ್ಟೆ. ಆಮೇಲೆ ಶುರುವಾದದ್ದು ಒಂದು ವಿಚಿತ್ರವಾದ ತಳಮಳ. ಶಾಲು ಎಂತಕ್ಕೆ ಎಂಬ ಪ್ರಶ್ನೆ ಶಾಲಿಗೇ ನಿಲ್ಲಲಿಲ್ಲ. ಈ ಕಸೂತಿ ಎಂತಕ್ಕೆ? ಈ ಬಣ್ಣ ಯಾರಿಗೆ? ಮೂವತ್ತು ಮುಟ್ಟುತ್ತಿದ್ದ ನನಗೆ ಒಂದಾದರೂ ಬಟ್ಟೆಯನ್ನು ನಾನೇ ಆರಿಸಿದ ನೆನಪಿರಲಿಲ್ಲ. ಶಾಲೆಯಲ್ಲಿ ಸಮವಸ್ತ್ರ, ಮನೆಯಲ್ಲಿ ಅಕ್ಕನ ಹಳೆಯದು, ನಂತರ ಅಮ್ಮ ಆರಿಸಿದ್ದು.

ಜೀನ್ಸು ಮತ್ತು ಟೀ ಶರ್ಟು ತಂದೆ. ಹಟ್ಟಿ ತೊಳೆದ ನೀರಲ್ಲಿ ಒದ್ದೆಯಾದ ಜೀನ್ಸು ಸಂಜೆಯವರೆಗೂ ಒಣಗದೆ ಕಾಲಿಗೆ ಅಂಟಿಕೊಂಡಿರುತ್ತಿತ್ತು. ಗರ್ಭ ಪರೀಕ್ಷೆಗೆಂದು ಬಲಗೈ ಹೆಗಲಿನವರೆಗೆ ದನದೊಳಗಿರುವಾಗ ಟೀ ಶರ್ಟು ಮೇಲೇರುತ್ತಿತ್ತು, ಎಡಗೈಯಲ್ಲಿ ಅದನ್ನು ಕೆಳಗೆಳೆಯುತ್ತಾ ನಿಲ್ಲುತ್ತಿದ್ದೆ. ದನದ ಬಾಲ ಹಿಡಿದುಕೊಂಡ ಗಂಡಸರು ಪಾಪ, ತಲೆಯೆತ್ತಿ ಮಾಡಿನ ಹಂಚು ನೋಡುತ್ತಿದ್ದರು.

ಆಮೇಲೆ ಫೋನಿನ ವಿಡಿಯೋಗಳ ಬೆನ್ನು ಹತ್ತಿದೆ. ಹತ್ತೇ ಬಟ್ಟೆಯಲ್ಲಿ ಒಂದು ತಿಂಗಳು ಕಳೆಯುವುದು ಹೇಗೆ, ಒಂದಕ್ಕೊಂದು ಹೊಂದುವಂತೆ ಕೊಳ್ಳುವುದು ಹೇಗೆ ಎಂದು ನಗರದ ಹುಡುಗಿಯರು ಬಿಳಿ ಗೋಡೆಯ ಎದುರು ನಿಂತು ಹೇಳುತ್ತಿದ್ದರು. ಅವರ ಮಾತು ಸರಿಯೆನಿಸುತ್ತಿತ್ತು. ಅವರು ಹೇಳಿದ ತಿಳಿ ಮರಳು ಬಣ್ಣದ ಪ್ಯಾಂಟು ತರಿಸಿದೆ, ಬಿಳಿಯ ಅಂಗಿ ತರಿಸಿದೆ. ಆ ಪ್ಯಾಂಟು ಒಂದೇ ದಿನ ಬಾಳಿತು. ಮತ್ತೆ ಬೇರೆ ತರಿಸಿದೆ, ಹಿಂದೆ ಕಳಿಸಿದೆ, ಮತ್ತೆ ತರಿಸಿದೆ. ಪಾರ್ಸೆಲ್ ಬರುವವರೆಗೆ ಅದೇ ಧ್ಯಾನ, ಬಿಚ್ಚಿದ ಹತ್ತು ನಿಮಿಷಕ್ಕೆ ಬೇಸರ. ಊಟ ಮಾಡುವಾಗಲೂ ಫೋನಿನಲ್ಲಿ ಅಂಗಿಗಳನ್ನೇ ನೋಡುತ್ತಿದ್ದೆ. ಇದು ಹುಚ್ಚಿರಬಹುದೇ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು.

ಅಂಥ ಒಂದು ಭಾನುವಾರ ಸುಳ್ಯದ ಅಕ್ಕನ ಮನೆಗೆ ಹೋಗಿದ್ದೆ. ಅವರ ಎಮ್ಮೆಯ ಕೆಚ್ಚಲು ಬಾತಿತ್ತು, ನೋಡುತ್ತಾ ಕೂತಾಗ ಎಮ್ಮೆ ಸೆಗಣಿ ನೀರಿನ ಬಕೆಟ್ಟನ್ನೇ ನನ್ನ ಮೇಲೆ ಒದ್ದಿತು. ಸ್ನಾನ ಮಾಡಿ ಬಂದರೆ ಪ್ಯಾಂಟು ಹೇಗೋ ನಡೆಯುತ್ತಿತ್ತು, ಮೇಲೆ ಹಾಕಲು ಏನೂ ಇಲ್ಲ. ಅಕ್ಕ ನನಗಿಂತ ಸಣ್ಣಗಿದ್ದಾಳೆ. ಅವಳು ಭಾವನ ಹಳೆಯ ಹತ್ತಿ ಅಂಗಿಯೊಂದನ್ನು ತಂದುಕೊಟ್ಟಳು.

"ಇದನ್ನು ಹಾಕಿ ಕಡಬದವರೆಗೆ ಹೋಗುದಾ?"

"ಸ್ಕೂಟರಲ್ಲಿ ಹೋಗುವವಳನ್ನು ಯಾರು ನೋಡ್ತಾರೆ? ಹಾಕು ಸುಮ್ಮನೆ."

ಸ್ಕೂಟರಿನ ಕಾಗದ, ಫೋನು ಎಲ್ಲವನ್ನೂ ಜೇಬಿಗೆ ತುರುಕಿಕೊಂಡು ಹೊರಟೆ. ಮನೆ ತಲುಪಿ ಬೀಗ ತೆಗೆಯುವಾಗ ಹೊಳೆಯಿತು: ದಾರಿಯುದ್ದಕ್ಕೂ ನಾನು ಬಟ್ಟೆಯನ್ನು ಒಮ್ಮೆಯೂ ಸರಿಮಾಡಿಕೊಂಡಿರಲಿಲ್ಲ. ಅದು ಮೈಮೇಲಿದೆ ಎಂಬುದೇ ಮರೆತಿತ್ತು.

ಆ ಅಂಗಿಯನ್ನು ಹಿಂದೆ ಕೊಡದೆ ಮೂರು ದಿನ ಕೆಲಸಕ್ಕೆ ಹಾಕಿದೆ. ನಾಲ್ಕನೆಯ ದಿನ ಅಕ್ಕ ಫೋನು ಮಾಡಿದಳು. "ಅದು ಎಲ್ಲಿ ಅಂತ ಭಾವ ಕೇಳ್ತಾ ಇದ್ದಾರೆ. ಅವರಿಗೆ ಅದು ಬೇಕಂತೆ, ಮೆತ್ತಗೆ ಉಂಟಂತೆ." ನನಗೆ ನಾಚಿಕೆಯಾಯಿತು. ಒಗೆದು ಇಸ್ತ್ರಿ ಹಾಕಿ ಕೊಟ್ಟುಬಂದೆ. ಹೆಗಲು ಇಳಿಬೀಳುತ್ತಿದ್ದ, ತೋಳು ಬೆರಳು ಮುಚ್ಚುತ್ತಿದ್ದ ಇನ್ನೊಬ್ಬರ ಅಂಗಿ ನನ್ನದಾಗುವುದು ಸಾಧ್ಯವಿರಲಿಲ್ಲ. ಅಂಥದ್ದೇ ಒಂದನ್ನು ನನ್ನ ಅಳತೆಗೆ ಹೊಲಿಸಬೇಕು ಎಂದು ತೀರ್ಮಾನಿಸಿದೆ.

ಪುತ್ತೂರಿನ ಕಟ್‌ಪೀಸ್ ಅಂಗಡಿಗೆ ಈ ಸಲ ಅಮ್ಮನಿಗೆ ಹೇಳದೆ ಹೋದೆ. ಅಂಗಿ ಬಟ್ಟೆ ಕೇಳಿದಾಗ ಅಂಗಡಿಯವರು "ಯಜಮಾನರಿಗಾ?" ಎಂದರು. ನನಗೆ ಎಂದೆ. ಅವರು ಒಂದು ಕ್ಷಣ ಕೈ ನಿಲ್ಲಿಸಿ ಮತ್ತೆ ಥಾನು ಬಿಚ್ಚಿದರು. ಕಡು ನೀಲಿ, ಬೂದು, ಪಾಚಿ ಹಸಿರು, ಕಾಫಿ ಬಣ್ಣ: ನಾಲ್ಕರಿಂದಲೂ ಅಂಗೈಯಗಲದ ತುಂಡು ಕೇಳಿ ಪಡೆದು ಬಂದೆ. ಕಡಬದ ಮನೆಯ ಹಿತ್ತಿಲಲ್ಲಿ ಅವುಗಳ ಮೇಲೆ ಸೆಗಣಿ, ಅಯೋಡಿನ್, ಹಾಲು ಹಚ್ಚಿ ಒಣಗಿಸಿ ಒಗೆದೆ. ಮನೆಯ ಮಾಲಕರ ಹೆಂಡತಿ ಬೇಲಿಯಾಚೆಯಿಂದ ನೋಡಿ "ಎಂತ ಪ್ರಯೋಗ?" ಎಂದು ಕೇಳಿದರು. ನೀಲಿ ಮತ್ತು ಪಾಚಿ ಹಸಿರು ಪಾಸಾದವು, ಆ ಎರಡನ್ನೂ ಮೀಟರುಗಟ್ಟಲೆ ಕೊಂಡು ತಂದೆ.

ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವಾಕೆ ಬಟ್ಟೆಯನ್ನು ತೆಗೆದುಕೊಂಡರು, ನನ್ನ ಮಾತನ್ನು ತೆಗೆದುಕೊಳ್ಳಲಿಲ್ಲ. ಬಂದದ್ದು ಸೊಂಟ ಹಿಡಿದ, ಗಿಡ್ಡ ತೋಳಿನ, ಜೇಬಿಲ್ಲದ ಒಂದು ವಸ್ತು. "ಜೇಬು ಹಾಕಿದ್ರೆ ಚಂದ ಕಾಣುದಿಲ್ಲ" ಎಂದರು. ಉಳಿದ ಬಟ್ಟೆ ಹಿಡಿದು ಗಂಡಸರ ಟೈಲರರ ಬಳಿ ಹೋದೆ. ಐವತ್ತೈದರ ಆಸುಪಾಸಿನ ಮನುಷ್ಯ. ಕನ್ನಡಕದ ಮೇಲಿನಿಂದ ನೋಡಿ ತಲೆಯಾಡಿಸಿದರು.

"ಹೆಂಗಸರ ಅಳತೆ ನಾನು ತೆಗೆಯುದಿಲ್ಲ ಮಾರಾಯ್ರೆ."

"ನಾನೇ ಅಳೆದು ಬರೆದು ತಂದ್ರೆ ಆಗ್ಬಹುದಾ?"

ಅವರು ಕತ್ತರಿ ಕೆಳಗಿಟ್ಟರು. "ತನ್ನಿ, ನೋಡುವ" ಎಂದರು.

ಟೇಪು ಕೊಂಡು ತಂದು ಕನ್ನಡಿಯೆದುರು ನನ್ನನ್ನೇ ಅಳೆದೆ. ಎಷ್ಟೋ ವರ್ಷ ಈ ಮೈಯನ್ನು ದಪ್ಪ, ಅಗಲ, ಗಂಡಸರ ಹಾಗೆ ಎಂಬ ಮಾತುಗಳಲ್ಲಿ ಕೇಳಿದ್ದೆ. ಈಗ ಅದು ಬರೀ ಇಂಚುಗಳಾಗಿ ಲಸಿಕೆ ಪಟ್ಟಿಯ ಹಿಂಬದಿಯಲ್ಲಿ ಸಾಲಾಗಿ ಕೂತಿತ್ತು. ಸಿಟ್ಟು ಬರಲಿಲ್ಲ. ಕರುವಿನ ಎದೆಸುತ್ತಳತೆ ಬರೆದಷ್ಟೇ ಸಲೀಸಾಗಿ ಬರೆದೆ.

ಟೈಲರರು ಕಾಗದ ನೋಡಿ, "ಹೆಗಲು ತಪ್ಪಿದೆ, ಇಷ್ಟು ಇರ್ಲಿಕ್ಕಿಲ್ಲ" ಎಂದರು.

"ಅಷ್ಟೇ ಉಂಟು."

ಅವರು ನನ್ನ ಹೆಗಲನ್ನು ಈಗ ಸರಿಯಾಗಿ ನೋಡಿದರು. ಆಮೇಲೆ ಕೇಳಿದರು, "ಇದನ್ನು ಹಾಕಿ ನೀವು ಮಾಡುದು ಎಂತ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಅಂಗಡಿಯ ಕಂಬವನ್ನೇ ದನ ಮಾಡಿಕೊಂಡು ತೋರಿಸಿದೆ: ಕೈ ಇಲ್ಲಿಯವರೆಗೆ ಒಳಗೆ ಹೋಗುತ್ತದೆ, ಹೀಗೆ ಬಗ್ಗುತ್ತೇನೆ, ಹೀಗೆ ಸ್ಕೂಟರಿನಲ್ಲಿ ಕೂರುತ್ತೇನೆ, ಈ ಫೋನೂ ಕಾಗದವೂ ಜೇಬಿನಲ್ಲಿರಬೇಕು. ಅವರು ನಗಲಿಲ್ಲ. ಕಂಕುಳಿನಲ್ಲಿ ಒಂದು ತುಂಡು ಹೆಚ್ಚಿಗೆ ಕೊಡಬೇಕು, ಮಡಚಿದ ತೋಳನ್ನು ಹಿಡಿಯುವ ಗುಂಡಿ ಮೊಣಕೈಯಿಂದ ಮೇಲೆ ನಿಲ್ಲಬೇಕು, ಜೇಬಿಗೆ ಮುಚ್ಚಳ ಬೇಕು ಎಂದು ತಮ್ಮಷ್ಟಕ್ಕೇ ಹೇಳುತ್ತಾ ಬರೆದುಕೊಂಡರು.

ಮೊದಲ ಅಂಗಿ ನಾನು ಕೂತಾಗ ಸೊಂಟದಲ್ಲಿ ಬಿಗಿಯಿತು. ಅವರೇ ಬೇಸರ ಮಾಡಿಕೊಂಡು ಬದಿಗಳನ್ನು ಬಿಚ್ಚಿ ಸೀಳು ಇಟ್ಟುಕೊಟ್ಟರು. ಎರಡನೆಯದು ಸರಿಹೋಯಿತು. ಮೂರು ತಿಂಗಳಲ್ಲಿ ನಾಲ್ಕು ಅಂಗಿ, ಕಡು ಬಣ್ಣದ ಎರಡು ಪ್ಯಾಂಟು, ಹಬ್ಬ ಮದುವೆಗೆಂದು ಒಂದು ನೀಲಿ ಹತ್ತಿ ಸೀರೆ. ಕಪಾಟಿನ ಉಳಿದದ್ದನ್ನು ಅಕ್ಕನಿಗೂ ಅಕ್ಕಪಕ್ಕದವರಿಗೂ ಕೊಟ್ಟೆ. ಕೊಟ್ಟ ವಾರಕ್ಕೆ ಒಂದು ಹಳದಿ ಚೂಡಿದಾರದ ನೆನಪಾಗಿ ಕೂರಲು ನಿಲ್ಲಲು ಆಗದೆ, ನಾಚಿಕೆ ಬಿಟ್ಟು ಅಕ್ಕನಲ್ಲಿ ಕೇಳಿ ಹಿಂದೆ ತಂದೆ. ತಂದ ಮೇಲೆ ಒಮ್ಮೆಯೂ ಹಾಕಲಿಲ್ಲ.

ಅಮ್ಮನಿಗೆ ಗೊತ್ತಾದದ್ದು ನಾನು ಪಾಚಿ ಹಸಿರಿನ ಅಂಗಿಯಲ್ಲೇ ಪುತ್ತೂರಿಗೆ ಹೋದಾಗ. ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿದರು.

"ನಾನು ತೆಗೆಸಿಕೊಟ್ಟದ್ದು ಎಲ್ಲ ಎಂತ ಆಯ್ತು?"

"ಕೊಟ್ಟೆ."

"ಯಾರಿಗೆ?"

ಹೇಳಿದೆ. ಅವರು ಒಳಗೆ ಹೋಗಿ ಚಹಾ ಇಟ್ಟರು. ನನಗೆ ಬೈಗುಳ ಬೇಕಿತ್ತು, ಬರಲಿಲ್ಲ. ಚಹಾ ಕೊಡುತ್ತಾ "ಸಣ್ಣದಿರುವಾಗ ನಿನಗೆ ಗುಲಾಬಿ ಅಂದ್ರೆ ಆಗ್ತಿತ್ತು" ಎಂದಷ್ಟೇ ಹೇಳಿದರು. ಅದು ನಿಜವೋ, ಅಮ್ಮನಿಗೆ ಇಷ್ಟವಿದ್ದದ್ದನ್ನು ನನ್ನ ಇಷ್ಟವೆಂದುಕೊಂಡಿದ್ದರೋ ನನಗೆ ನೆನಪಿಲ್ಲ. ಈಗಲೂ ಹಬ್ಬಕ್ಕೆ ಅವರು ಒಂದು ಚೂಡಿದಾರ ತೆಗೆದಿಡುತ್ತಾರೆ. ಆ ಮನೆಯಲ್ಲಿರುವಷ್ಟು ಹೊತ್ತು ಅದನ್ನು ಹಾಕಿಕೊಳ್ಳುತ್ತೇನೆ.

ಊರಿನಲ್ಲಿ ಒಂದಷ್ಟು ದಿನ ನಗೆಯಿತ್ತು, ಆಮೇಲೆ ಅಭ್ಯಾಸವಾಯಿತು. ನಾನು ಮಾತ್ರ ಒಳಗೊಳಗೆ ಉಬ್ಬಿದ್ದೆ. ಯಾರೂ ಮಾಡದ್ದನ್ನು ಮಾಡಿದೆ ಎಂಬ ಹೆಮ್ಮೆ. ಅದು ಇಳಿದದ್ದು ಕೊಯಿಲದಲ್ಲಿ.

ಕಾಲುಬಾಯಿ ಜ್ವರದ ಲಸಿಕೆಗೆ ಅಲ್ಲಿಯ ಒಂದು ಮನೆಗೆ ಹೋಗಿದ್ದೆ. ಮನೆಯಾಕೆ, ಹೆಚ್ಚುಕಡಿಮೆ ನನ್ನದೇ ಪ್ರಾಯದವರು, ರಬ್ಬರ್ ಮರದ ಹಾಲು ತೆಗೆದು ಆಗಷ್ಟೇ ಬಂದಿದ್ದರು. ನೈಟಿಯ ಮೇಲೆ ಉದ್ದ ತೋಳಿನ ಗಂಡಸರ ಅಂಗಿ. ನನ್ನ ಅಂಗಿಯ ಜೇಬಿನ ಮುಚ್ಚಳವನ್ನು ಅವರು ನೋಡುತ್ತಲೇ ಇದ್ದರು.

"ಇದು ನಿಮ್ಮದೇ ಅಂಗಿಯಾ?"

"ಹೌದು, ಹೊಲಿಸಿದ್ದು."

"ನನ್ನದು ಇವರದ್ದು, ಹರಿದ ಮೇಲೆ ನನಗೆ ಸಿಕ್ಕುದು" ಎಂದು ತೋಳು ಎತ್ತಿ ತೋರಿಸಿದರು. ಮೊಣಕೈಯಲ್ಲಿ ದೊಡ್ಡ ತೂತು.

ನಾನು ನಿಂತಲ್ಲೇ ಬೆಪ್ಪಾದೆ. ಹುಲ್ಲು ಕೊಯ್ಯುವವರು, ರಬ್ಬರ್ ತೋಟಕ್ಕೆ ಹೋಗುವವರು, ಸೌದೆ ತರುವವರು, ಈ ಕಡೆಯ ಎಷ್ಟು ಹೆಂಗಸರು ನೈಟಿಯ ಮೇಲೆ, ಸೀರೆಯ ಮೇಲೆ ಗಂಡಂದಿರ ಅಂಗಿ ಹಾಕಿ ಕೆಲಸ ಮಾಡುವುದನ್ನು ವರ್ಷಗಳಿಂದ ದಿನಾ ನೋಡಿದ್ದೇನೆ! ಬಟ್ಟೆಗಾಗಿ ಊರೆಲ್ಲ, ಫೋನೆಲ್ಲ ಹುಡುಕಿದವಳಿಗೆ ಕಣ್ಣೆದುರಿನದು ಕಂಡಿರಲಿಲ್ಲ.

"ನಿಮ್ಮ ಅಳತೆಗೂ ಹೊಲಿಸ್ಬಹುದು. ಟೇಪು ಉಂಟು ನನ್ನತ್ರ" ಎಂದೆ.

ಅವರು ನಾಚಿದರು, ಬೇಡವೆಂದರು, ಮತ್ತೆ ಒಳಗೆ ಹೋಗಿ ಕೈ ತೊಳೆದು ಬಂದು ನೆಟ್ಟಗೆ ನಿಂತರು. ಜಗಲಿಯಲ್ಲೇ ಅಳತೆ ತೆಗೆದೆ. ಕಾಗದವನ್ನು ಟೈಲರರಿಗೆ ಕೊಟ್ಟಾಗ ಅವರು "ಇವರು ಮಾಡುದು ಎಂತ?" ಎಂದು ಕೇಳಿದರು. ಹೇಳಿದೆ. ಬಟ್ಟೆ ಆರಿಸಲು ಮಾತ್ರ ಆಕೆ ತಾನೇ ಬರುತ್ತೇನೆಂದರು. ಇಬ್ಬರೂ ಕಡಬದ ಅಂಗಡಿಗೆ ಹೋದೆವು. ನಾನು ಕಡು ನೀಲಿಯ ಥಾನನ್ನು ಅವರ ಮುಂದೆ ಸರಿಸಿದೆ, ಸೆಗಣಿಗೂ ರಬ್ಬರ್ ಹಾಲಿಗೂ ಅದು ಹೇಗೆ ತಡೆಯುತ್ತದೆಂದು ವಿವರಿಸಿದೆ. ಆಕೆ ಸಹನೆಯಿಂದ ಕೇಳಿದರು. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಗಿಳಿ ಹಸಿರನ್ನು ತೋರಿಸಿದರು.

"ಅದು ಬೇಡ, ಕಲೆ ಎಲ್ಲ ಎದ್ದು ಕಾಣ್ತದೆ" ಎಂದೆ.

"ಕಾಣ್ಲಿ. ನನಗೆ ಅದೇ ಆಗುದು" ಎಂದರು. ಅವರಿಗೆ ಅನುಮಾನವೇ ಇರಲಿಲ್ಲ.

ಸಂಜೆ ಮನೆಗೆ ಬಂದು ಕಪಾಟು ತೆರೆದೆ. ಸಾಲಾಗಿ ತೂಗುವ ಕಡು ಬಣ್ಣದ ಅಂಗಿಗಳು, ಎಲ್ಲವೂ ಅಳತೆಗೆ ಸರಿ, ಕೆಲಸಕ್ಕೆ ಸರಿ. ನನಗೆ ನೀಲಿ ಇಷ್ಟವೋ, ಇಲ್ಲ ಕಲೆಗೆ ಹೆದರಿ ಅದನ್ನು ಇಷ್ಟವೆಂದುಕೊಂಡೆನೋ? ಬಾಗಿಲು ಹಾಕಿದೆ. ಮುಂದಿನ ಶನಿವಾರ ಮತ್ತೆ ಬಟ್ಟೆ ಅಂಗಡಿಗೆ ಹೋಗಿ ಎಲ್ಲ ಥಾನುಗಳನ್ನೂ ಇಳಿಸಿ ನೋಡಿದೆ, ಕೆಂಪನ್ನೂ ಸೇರಿಸಿ. ಅಂಗಡಿಯವರು ಒಂದೊಂದನ್ನೇ ಬಿಚ್ಚಿ ಹರಡಿದರು. ಆ ದಿನ ಏನನ್ನೂ ಕೊಳ್ಳದೆ ಬಂದೆ.