ಅವರು ನನ್ನ ಕಡೆ ನೋಡಬಾರದಿತ್ತು

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನ ಪಕ್ಕದ ಮನೆಗೆ ಕೊರಿಯಾದಿಂದ ಬಂದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಸಿನಿಮಾ ಕಲಿತವಳು. ಯಾವ ಕಂಪನಿಯ ಹಂಗೂ ಇಲ್ಲದೆ, ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ತನ್ನ ಭಾಷೆಯಲ್ಲೇ ಒಂದು ಪ್ರೇಮಕಥೆ ತೆಗೆಯುತ್ತಿದ್ದಳು. ಒಂದು ಸಂಜೆ ಬಾಗಿಲು ತಟ್ಟಿ, ನೀವು ಗಂಡ ಹೆಂಡತಿ ಇಬ್ಬರೂ ಇದರಲ್ಲಿ ಒಂದು ಸೀನು ಮಾಡಬೇಕು ಎಂದಳು. ನಾವು ಕನ್ನಡದಲ್ಲಿ ಮಾತಾಡುವುದನ್ನು ಅವಳು ಹಿತ್ತಲಿನ ಬೇಲಿಯಾಚೆಯಿಂದ ಕೇಳಿಸಿಕೊಂಡಿದ್ದಳಂತೆ. ಅರ್ಥವಾಗದಿದ್ದರೂ ಇಷ್ಟವಾಗಿತ್ತಂತೆ.

ಕಥೆ ಹೀಗಿತ್ತು. ಒಂದು ಕಟ್ಟಡದಲ್ಲಿ ಸತ್ತವರು ತಾವು ಪ್ರೀತಿಸಿದವರ ಜೊತೆ ಊಟಕ್ಕೆ ಕೂರಲು ಬರುತ್ತಾರೆ. ಬದುಕಿರುವವರಿಗೆ ಅವರ ಮಾತು ಕೇಳುತ್ತದೆ. ಆದರೆ ತಿರುಗಿ ನೋಡಿದರೆ ಮುಗಿಯಿತು, ಬಂದವರು ಮತ್ತೆಂದೂ ಬರುವುದಿಲ್ಲ. ನಾಯಕಿಯ ಪ್ರಿಯಕರ ಹಾಗೆ ಬರಲು ಶುರುಮಾಡಿರುತ್ತಾನೆ. ಏನು ಮಾಡಬೇಕೆಂದು ಅವಳು ಕಲಿಯುವುದು ಪಕ್ಕದ ಮನೆಯ ವಯಸ್ಸಾದ ದಂಪತಿಯನ್ನು ನೋಡಿ. ಆ ದಂಪತಿ ನಾವು. ಸತ್ತವಳು ನಾನು.

ಸುಮ್ಮನೆ ನಟನೆಗಾದರೂ ಸತ್ತವಳಾಗುವುದು ಯಾಕೆ ಎಂದೆ. ನನ್ನ ಗಂಡ ಹುಬ್ಬಳ್ಳಿಯವರು. ಅವರಿಗೆ ಖುಷಿಯೋ ಖುಷಿ. "ನೋಡಬಾರ್ದು ಅಂದ್ರ ನೋಡಂಗಿಲ್ಲ. ಅದರಾಗೇನೈತಿ? ಆಫೀಸಿನ ಮೀಟಿಂಗಿನ್ಯಾಗ ನಾ ಯಾರ ಮುಖಾನೂ ನೋಡಂಗಿಲ್ಲ" ಎಂದು ನಕ್ಕರು.

ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲೇ ಶೂಟಿಂಗು. ಸದ್ದಾಗಬಾರದೆಂದು ಫ್ರಿಜ್ಜು ಆರಿಸಿದರು, ಕಿಟಕಿಗಳನ್ನೆಲ್ಲ ಮುಚ್ಚಿದರು. ಆದರೂ ಫ್ರೀವೇಯ ಮೊರೆತ ಸಣ್ಣಗೆ ಬರುತ್ತಲೇ ಇತ್ತು. ಮೇಜಿನ ಮೇಲೆ ಗಂಡನಿಗೆ ಅನ್ನ ಸಾರು. ನನ್ನ ಮುಂದೆ ಒಂದು ಬಟ್ಟಲಲ್ಲಿ ಅಕ್ಕಿಹಿಟ್ಟಿನ ಕೊರಿಯನ್ ಕಡುಬು, ಅಂಟಂಟಾದ ಬಿಳಿ ತುಂಡುಗಳು. ಹುಡುಗಿಯ ಕಡೆಯವರು ಹಿರಿಯರಿಗೆ ಎಡೆ ಇಡುವಾಗ ಇಂಥದ್ದನ್ನೂ ಇಡುತ್ತಾರಂತೆ.

ಹುಡುಗಿ ನನಗೆ ಹೇಳಿದಳು, "ಆಂಟೀ, ನಿಮ್ಮ ಭಾಷೆಯಲ್ಲೇ ಮಾತಾಡ್ತಾ ತಿನ್ನಿ. ಬೇಕಾದರೆ ಅಂಕಲ್ ಕೈ ಮುಟ್ಟಿ." ಅವರಿಗೆ ಹೇಳಿದಳು, "ಅವರು ಮುಟ್ಟಿದರೂ ನಿಮಗೆ ಗೊತ್ತಾಗುವುದಿಲ್ಲ. ತಟ್ಟೆ ಬಿಟ್ಟು ಕಣ್ಣು ಎತ್ತಬೇಡಿ."

ಕ್ಯಾಮೆರಾ ಓಡತೊಡಗಿತು. ನಾನು ಬಾಯಿಗೆ ಬಂದದ್ದು ಮಾತಾಡಿದೆ. ಸಾರಿಗೆ ಉಪ್ಪು ಸಾಕಾ ಎಂದೆ. ಗ್ರೋಸರಿಗೆ ಹೋಗುವಾಗ ಕರಿಬೇವು ಮರೀಬೇಡಿ ಎಂದೆ. ಅವರು ಕಲ್ಲಿನಂತೆ ಊಟ ಮಾಡುತ್ತಿದ್ದರು. ಎದುರಿಗೆ ಕೂತ ಗಂಡ ಹೀಗೆ ನಾನೇ ಇಲ್ಲವೆಂಬಂತೆ ಕೂತಿರುವುದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಗತೊಡಗಿತು. ಹೆದರಿಕೆಯಲ್ಲಿ ಮಾತು ಜಾಸ್ತಿಯಾಯಿತು. ಒಂದು ತುಂಡು ಬಾಯಿಗೆ ಹಾಕಿಕೊಂಡು, "ನಾಳೆ ಇಲ್ಲೇ ಕಾರಲ್ಲಿ ಡಬ್ಲಿನ್‌ಗೆ ಹೋಗೋಣ ಅಂದಿದ್ರಲ್ಲ, ಅವರ ಮನೆಗೆ..." ಎನ್ನುವಷ್ಟರಲ್ಲಿ ಅದು ಗಂಟಲಿಗೆ ಜಾರಿ ಅಲ್ಲೇ ಕೂತುಬಿಟ್ಟಿತು.

ಕೆಮ್ಮೋಣವೆಂದರೆ ಕೆಮ್ಮಿಲ್ಲ. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕ್ಯಾಮೆರಾ ಹಿಂದೆ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹುಡುಗಿಯ ಕಣ್ಣಲ್ಲಿ ನೀರಿತ್ತು. ನಾನು ಚೆನ್ನಾಗಿ ನಟಿಸುತ್ತಿದ್ದೇನೆ ಎಂದುಕೊಂಡಿದ್ದಾಳೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿಯಿತು. ನಾನು ಅವರ ಮಣಿಕಟ್ಟು ಹಿಡಿದೆ. ಅವರು ಕದಲಲಿಲ್ಲ. ಇನ್ನೊಂದು ತುತ್ತು ಕಲಸಿದರು. ಇಷ್ಟು ಜನರ ನಡುವೆ, ನನ್ನದೇ ಅಡುಗೆಮನೆಯಲ್ಲಿ, ಗಂಡನ ಕೈ ಹಿಡಿದುಕೊಂಡೇ ಸಾಯುತ್ತೇನೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ ಅನ್ನಿಸಿತು. ಮೇಜಿನ ಅಂಚಿನಿಂದ ಕಣ್ಣಿಗೆ ಕತ್ತಲು ಕವಿಯುತ್ತಾ ಬಂತು.

ಆಗ ಅವರು ತಲೆ ಎತ್ತಿದರು.

"ನೋಡಬೇಡಿ, ಅಂಕಲ್, ನೋಡಬೇಡಿ" ಎಂದು ಹುಡುಗಿ ಪಿಸುಗುಟ್ಟಿದ್ದು ಕೇಳಿಸಿತು. ಕುರ್ಚಿ ಬಿದ್ದ ಸದ್ದು ಕೇಳಿಸಿತು. ಎಂಜಲು ಕೈಯಲ್ಲೇ ಅವರು ನನ್ನನ್ನು ಹಿಂದಿನಿಂದ ತಬ್ಬಿ ಎಬ್ಬಿಸಿ ಹೊಟ್ಟೆಗೆ ಗುದ್ದಿದರು. ಮತ್ತೆ ಗುದ್ದಿದರು. "ಉಗುಳ, ಉಗುಳ! ಏ, ಕೇಳಾಕತ್ತದೇನ ನಿನಗ?" ಎಂದು ಕಿರುಚುತ್ತಿದ್ದರು. ತುಂಡು ಹಾರಿ ಸಾರಿನ ಬಟ್ಟಲ ಪಕ್ಕ ಬಿತ್ತು. ಉಸಿರು ಒಳಗೆ ಬಂದಾಗ ಅದು ನನ್ನ ಗಂಟಲಿನ ಸದ್ದೆಂದು ನನಗೇ ನಂಬಿಕೆಯಾಗಲಿಲ್ಲ.

ಅರ್ಜೆಂಟ್ ಕೇರ್ ಕ್ಲಿನಿಕ್ಕಿನಲ್ಲಿ ಗಂಟಲು, ಪಕ್ಕೆಲುಬು ನೋಡಿ, ಏನೂ ಆಗಿಲ್ಲ ಎಂದು ಕಳಿಸಿದರು. ದಾರಿಯಲ್ಲಿ ಅವರು ಎರಡೂ ಕೈಯಲ್ಲಿ ಸ್ಟೀರಿಂಗು ಬಿಗಿಹಿಡಿದಿದ್ದರು.

ಮರುದಿನ ಹುಡುಗಿ ಅಳುತ್ತಾ ಬಂದಳು. ಲ್ಯಾಪ್‌ಟಾಪು ತಂದಿದ್ದಳು. "ನಿನ್ನೆ ತೆಗೆದದ್ದನ್ನ ನಿಮ್ಮ ಎದುರಿಗೇ ಅಳಿಸಿಬಿಡ್ತೀನಿ" ಎಂದಳು. ಅಳಿಸುವ ಮೊದಲು ನೋಡುತ್ತೇನೆ ಎಂದೆ. ಗಂಡ ಬೇಡವೆಂದರು. ನಾನು ಕೇಳಲಿಲ್ಲ.

ನೋಡಬಾರದಿತ್ತು. ನಾನು ಅವರ ಕೈಯನ್ನು ಉಗುರು ನಾಟುವಂತೆ ಹಿಡಿದೆ, ಮೇಜು ಬಡಿದೆ ಎಂದೇ ತಿಳಿದಿದ್ದೆ. ಪರದೆಯ ಮೇಲೆ ಹಾಗೇನೂ ಇರಲಿಲ್ಲ. ನನ್ನ ಕೈ ಅವರ ಕೈಯ ಮೇಲೆ ಮೆಲ್ಲಗೆ, ಮುದ್ದಾಗಿ ಕೂತಿತ್ತು. ಮುಖ ಶಾಂತವಾಗಿತ್ತು. ತುಟಿ ಸ್ವಲ್ಪ ತೆರೆದಿತ್ತು. ಅಷ್ಟೇ. ಯಾರಿಗೆ ತಾನೇ ಗೊತ್ತಾಗಬೇಕು? ಅಳಿಸು ಎಂದೆ. ಅವಳು ಅಳಿಸಿದಳು.

ಅವಳು ಹೋದ ಮೇಲೆ ಗಂಡನನ್ನು ಕೇಳಿದೆ, "ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ನೀ ಮಾತು ಅರ್ಧಕ್ಕ ಬಿಟ್ಟಿ" ಎಂದರು. "ಇಷ್ಟು ವರ್ಷದಾಗ ನೀ ಎಂದೂ ಮಾತು ಅರ್ಧಕ್ಕ ಬಿಟ್ಟಾಕಿ ಅಲ್ಲ. ಡಬ್ಲಿನ್ ಅಂದಿ, ಮುಂದ ಯಾರ ಮನಿ ಅಂತ ಕಾದೆ. ಬರಲೇ ಇಲ್ಲ." "ಹಂಗ ಕಾಯಬಾರ್ದಿತ್ತು ನಾ, ಆಗಲೇ ನೋಡಬೇಕಿತ್ತು" ಎಂದರು.

ಆ ಸೀನನ್ನೇ ಕೈಬಿಡಲೇ ಎಂದು ಹುಡುಗಿ ಕೇಳಿದಳು. ಬೇಡ, ಮತ್ತೆ ಮಾಡುತ್ತೇವೆ ಎಂದವಳು ನಾನೇ. ಮಾಡದಿದ್ದರೆ ನಾನು ಆ ಅಡುಗೆಮನೆಗೆ ಮತ್ತೆ ಕಾಲಿಡುವುದಿಲ್ಲ ಎನ್ನುವ ಭಯವಿತ್ತು. ಈ ಸಲ ತಿನ್ನುವುದಿಲ್ಲ, ಬರೀ ಮಾತು. ಆದರೆ ಕ್ಯಾಮೆರಾ ಓಡಿದಾಗಲೆಲ್ಲ ಅವರು ನನ್ನನ್ನು ನೋಡಿಬಿಡುತ್ತಿದ್ದರು. ಬೈದುಕೊಂಡರು, ಮತ್ತೆ ನೋಡಿದರು. ಕೊನೆಗೆ ಹುಡುಗಿ ಅವರ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿದಳು. ನಾನು ಅವರ ಬೆನ್ನಿನ ಜೊತೆ ಮಾತಾಡಿದೆ. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವರ ಹೆಗಲು ಬಿಗಿಯಾಗುವುದು ಕಾಣುತ್ತಿತ್ತು. ಹುಡುಗಿ ಅದನ್ನೇ ಇಟ್ಟುಕೊಂಡಳು.

ಸಿನಿಮಾವನ್ನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪುಟ್ಟ ಥಿಯೇಟರಿನಲ್ಲಿ ತೋರಿಸಿದರು. ನಮ್ಮ ಸೀನು ಬಂದಾಗ ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ನನಗೆ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದೆ. ಬೆನ್ನ ಹಿಂದೆಯೇ ಅವರೂ ಬಂದರು. ಕಾರಿಡಾರಿನಲ್ಲಿ ನಿಂತು, ಪೂರ್ತಿ ನೋಡೋದು ಬೇಡವಾ ಎಂದೆ. "ಕಥಿ ನನಗ ಗೊತ್ತೈತಿ" ಎಂದು ನನ್ನ ಶಾಲು ಸರಿಮಾಡಿದರು.

ಈಗಲೂ ಅವರು ಊರಲ್ಲಿಲ್ಲದ ದಿನ ನಾನು ಊಟಕ್ಕೆ ಕೂರುವಾಗ ವೀಡಿಯೊ ಕಾಲ್ ಹಚ್ಚಿ ಫೋನನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಅವರು ಹೋಟೆಲಿನ ಕೋಣೆಯಲ್ಲಿ ಕೂತು ನಾನು ಅನ್ನ ನುಂಗುವುದನ್ನೇ ನೋಡುತ್ತಾರೆ.